ಅಪ್ಪನ ತೋಟ ಅಡವಿಟ್ಟು ಸಿನಿಮಾ ಮಾಡಬಹುದಾ?

ಎಣ್ಮಕಜೆಯವ

ಸುತ್ತು ಬಳಸದೆ ಕೇಳುತ್ತೇನೆ. ನಾನು ಕೊಚ್ಚಿಯಲ್ಲಿ ಅಸಿಸ್ಟೆಂಟ್ ಡೈರೆಕ್ಟರ್. ಮೊದಲು ಬೆಂಗಳೂರಿನಲ್ಲಿ ಕನ್ನಡ ಸಿನಿಮಾಗಳಲ್ಲಿದ್ದೆ. ವಯಸ್ಸು ಮೂವತ್ತು ದಾಟಿತು. ಶೂಟಿಂಗ್ ಇದ್ದಾಗ ಊಟ, ರೂಮು, ದಿನದ ಖರ್ಚಿಗೆ ಅಂತ ಬಾಟಾ ಸಿಗುತ್ತದೆ. ಪ್ಯಾಕಪ್ ಆದ ಮೇಲೆ ಎಡಿಟಿಂಗು, ಡಬ್ಬಿಂಗು ಅಂತ ತಿಂಗಳುಗಟ್ಟಲೆ ಓಡಾಟ, ಆಗ ಕೈಗೆ ಒಂದು ಕಾಸೂ ಬರುವುದಿಲ್ಲ. ಕಳೆದ ಸಿನಿಮಾದ ಸಂಬಳ ಅರ್ಧ ಬಾಕಿ. ಕೊಟ್ಟ ಚೆಕ್ಕು ಮೊನ್ನೆ ಬೌನ್ಸ್ ಆಯಿತು.

ನನ್ನದೇ ಒಂದು ಸ್ಕ್ರಿಪ್ಟ್ ರೆಡಿ ಉಂಟು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ಕಾಸರಗೋಡಿನವರಾದ ನಮಗೆಲ್ಲ ನೆನಪಿದೆ ಅಲ್ವಾ. ಡಯಾಲಿಸಿಸ್‌ಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದ್ದ ನಾವು ಗಡಿಯ ತಲಪಾಡಿಯಲ್ಲಿ ನಿಂತುಬಿಟ್ಟೆವು. ಆ ವಾರ ಒಂದು ಮನೆಯಲ್ಲಿ ನಡೆಯುವ ಕಥೆ. ಒಂದು ಮನೆ, ಒಂದು ಜೀಪು, ಒಂದು ರಸ್ತೆ. ಮಾತು ಕನ್ನಡ, ತುಳು, ಮಲಯಾಳ ಎಲ್ಲ ಬರುತ್ತದೆ, ನಮ್ಮ ಮನೆಗಳಲ್ಲಿ ಬರುವ ಹಾಗೆಯೇ.

ನಿರ್ಮಾಪಕರಿಗೆ ಕಥೆ ಹೇಳಿ ಹೇಳಿ ಸಾಕಾಯಿತು. "ಹೀರೋ ಯಾರು" ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಬಜೆಟ್ 45 ಲಕ್ಷದಲ್ಲಿ ಮುಗಿಯುತ್ತದೆ ಅಂತ ನನ್ನ ಲೆಕ್ಕ. ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಉಂಟು. ಜಾಗದ ದಾಖಲೆ ಇಟ್ಟರೆ ಬ್ಯಾಂಕಿನಲ್ಲಿ ಸ್ವಲ್ಪ ಸಿಗುತ್ತದೆ, ಉಳಿದದ್ದು ಗೆಳೆಯರಿಂದ. ಇಷ್ಟು ವರ್ಷ ಎಲ್ಲ ತ್ಯಾಗ ಮಾಡಿದ್ದೇನೆ, ಇದೊಂದನ್ನೂ ಮಾಡಿಬಿಡೋಣ ಅನಿಸುತ್ತಿದೆ. ಸಿನಿಮಾ ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ಹೇಳಿ.

ಶಾರ್ಜಾ ಕುಂಬಳೆ

ಬೇಡ ಮಾರಾಯ. ಇದಕ್ಕೆ ಇಷ್ಟು ಉದ್ದ ಬರೆಯಬೇಕಿತ್ತಾ?

ಇಲ್ಲಿ ನನ್ನ ರೂಮಿನಲ್ಲಿ ಇರುವವರಲ್ಲಿ ಮೂರು ಮಂದಿಗೆ ಊರಲ್ಲಿ ಜಾಗ ಜಪ್ತಿಗೆ ಬಂದ ಅನುಭವ ಉಂಟು. ಒಬ್ಬನದ್ದೂ ಸಿನಿಮಾದಿಂದ ಅಲ್ಲ, ಆದರೆ ಬ್ಯಾಂಕಿನವರು ಕಾರಣ ಕೇಳುವುದಿಲ್ಲ. ಎರಡು ವರ್ಷ ಗಲ್ಫಿಗೆ ಬಾ, ದುಡಿ, ಉಳಿಸು, ಆಮೇಲೆ ನಿನ್ನ ಹಣದಲ್ಲಿ ಏನು ಬೇಕಾದರೂ ತೆಗಿ.

ಜಾನ್‌ಪ್ರಿಯ

ಎರಡು ವರ್ಷ ಅಂತ ಹೋದವರು ಇಪ್ಪತ್ತು ವರ್ಷ ಕಳೆದು ಬಿಪಿ, ಶುಗರ್ ತಗೊಂಡು ಬಂದದ್ದು ನಮ್ಮ ಪ್ರತಿ ಕೇರಿಯಲ್ಲೂ ಇದೆ ಅಣ್ಣ. ಆ ಸಲಹೆ ಕೊಡುವುದು ಸುಲಭ.

ಎಣ್ಮಕಜೆಯವರೇ, ಹಣ ಇಲ್ಲ ಅಂತ ನಿಲ್ಲಿಸಬೇಡಿ. ಜಾನ್ ಅಬ್ರಹಾಂ, ನಾನು ಹೇಳುವುದು ಮಲಯಾಳದ ನಿರ್ದೇಶಕರನ್ನು, ಒಡೆಸ್ಸಾ ಅನ್ನುವ ಗುಂಪಿನ ಗೆಳೆಯರ ಜೊತೆ ಊರೂರು ಸುತ್ತಿ ಜನರಿಂದಲೇ ಹಣ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ನಿರ್ಮಾಪಕ ಇಲ್ಲ, ವಿತರಕ ಇಲ್ಲ. ಸಿನಿಮಾವನ್ನು ಜನರ ಹತ್ತಿರವೇ ತೆಗೆದುಕೊಂಡು ಹೋಗಿ ತೋರಿಸಿದರು. ನಾವು ಕೇರಳದಲ್ಲಿ ಇದ್ದೇವೆ, ಈ ದಾರಿ ನಮ್ಮ ಕಾಲಬುಡದಲ್ಲೇ ಇದೆ. ಸತ್ಯಜಿತ್ ರೇ ಹೆಂಡತಿಯ ಒಡವೆ ಅಡವಿಟ್ಟವರು. ಲೆಕ್ಕ ಹಾಕುತ್ತಾ ಕೂತವರು ಯಾರೂ ಸಿನಿಮಾ ಮಾಡಿದ್ದಿಲ್ಲ.

ನೀರ್ಚಾಲು ಮಾಷ್ಟ್ರು

ರೇ ಅವರ ಕಥೆಯಲ್ಲಿ ಒಡವೆಯ ಭಾಗ ಮಾತ್ರ ಎಲ್ಲರ ಬಾಯಲ್ಲಿ ಇರುತ್ತದೆ. ಉಳಿದದ್ದನ್ನೂ ಹೇಳಬೇಕಲ್ಲ. ಅವರು ಕಲ್ಕತ್ತೆಯ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸದಲ್ಲಿದ್ದರು. 1952ರಲ್ಲಿ ‘ಪಥೇರ್ ಪಾಂಚಾಲಿ’ ಶೂಟಿಂಗ್ ಶುರು, ಬಿಡುಗಡೆ 1955ರಲ್ಲಿ. ಅಲ್ಲಿಯವರೆಗೂ ಕೆಲಸ ಬಿಟ್ಟಿರಲಿಲ್ಲ. ಮೊದಮೊದಲು ಭಾನುವಾರ, ರಜಾದಿನಗಳಲ್ಲಿ ಶೂಟಿಂಗ್. ಹಣ ಮುಗಿದಾಗ ನಿಲ್ಲಿಸಿದರು, ಬಂದಾಗ ಮುಂದುವರಿಸಿದರು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟದ್ದರಿಂದ ಚಿತ್ರ ಮುಗಿಯಿತು. ಒಡವೆ ಇಟ್ಟದ್ದೂ ನಿಜ, ಸಂಬಳ ಬರುತ್ತಿದ್ದದ್ದೂ ನಿಜ.

ನಮ್ಮ ಊರಿನ ಯಕ್ಷಗಾನ ಮೇಳದ ಕಲಾವಿದರನ್ನು ನೋಡಿ. ದೀಪಾವಳಿಯ ಆಸುಪಾಸು ಹೊರಟ ಮೇಳ ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಆಮೇಲಿನ ಮಳೆಗಾಲಕ್ಕೆ ಅವರಲ್ಲಿ ಒಬ್ಬೊಬ್ಬರದು ಒಂದೊಂದು ವ್ಯವಸ್ಥೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಕೆಲವರಿಗೆ ತಾಳಮದ್ದಳೆ, ಕೆಲವರು ಅಡುಗೆಗೆ, ಕೆಲವರು ಸ್ವಂತ ಗದ್ದೆ ತೋಟಕ್ಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮ್ಮದೇ, ಇದನ್ನು ನಾವು ನೋಡುತ್ತಲೇ ಬೆಳೆದವರು. ಮಳೆಗಾಲದಲ್ಲಿ ಅಡುಗೆಗೆ ಹೋದ ಅಂತ ಯಾವ ವೇಷಧಾರಿಯನ್ನೂ ಯಾರೂ "ಇವ ನಿಜವಾದ ಕಲಾವಿದ ಅಲ್ಲ" ಅಂದದ್ದು ನಾನು ಕೇಳಿಲ್ಲ. ಸಿನಿಮಾದವರಿಗೆ ಮಾತ್ರ ಈ ನಾಚಿಕೆ ಎಲ್ಲಿಂದ ಬಂತೋ.

ಜಾನ್‌ಪ್ರಿಯರಿಗೆ ಇನ್ನೊಂದು ಮಾತು. ಜಾನ್ ದೊಡ್ಡ ನಿರ್ದೇಶಕರು, ಸಂಶಯ ಇಲ್ಲ. 1987ರಲ್ಲಿ ಕೋಯಿಕ್ಕೋಡಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಸಿನಿಮಾವನ್ನು ಅನುಸರಿಸಿ, ಬದುಕನ್ನಲ್ಲ.

ಜಾನ್‌ಪ್ರಿಯ

ಮಾಷ್ಟ್ರೇ, ಬದುಕನ್ನು ಅನುಸರಿಸಿ ಅಂತ ನಾನು ಎಲ್ಲಿ ಹೇಳಿದೆ? ಜನರಿಂದ ಹಣ ಎತ್ತುವ ದಾರಿ ಹೇಳಿದೆ ಅಷ್ಟೆ.

ಎಡಿಟ್ ಟೇಬಲ್

ನಾನು ಮುಳ್ಳೇರಿಯದವನು, ಈಗ ಕೊಚ್ಚಿಯಲ್ಲಿ ಎಡಿಟರ್. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

45 ಲಕ್ಷದ ಲೆಕ್ಕ ಎಲ್ಲಿಯವರೆಗೆ ಹಾಕಿದ್ದೀರಿ? ನನ್ನ ಟೇಬಲ್‌ಗೆ ಬರುವ ಹೊಸ ನಿರ್ದೇಶಕರಲ್ಲಿ ಹೆಚ್ಚಿನವರು ಲೆಕ್ಕ ಹಾಕುವುದು ಶೂಟಿಂಗ್ ಮುಗಿಯುವವರೆಗೆ. ಕ್ಯಾಮೆರಾ, ಲೆನ್ಸ್, ಲೈಟು ಬಾಡಿಗೆ, ಯೂನಿಟ್ ಊಟ, ಗಾಡಿ, ರೂಮು, ಕಲಾವಿದರಿಗೆ ಅಷ್ಟಿಷ್ಟು, ಮುಗಿಯಿತು. ಆಮೇಲೆ ಎಡಿಟಿಂಗ್ ಇದೆ, ಬಣ್ಣ ಸರಿಮಾಡುವ ಡಿಐ ಇದೆ, ಡಬ್ಬಿಂಗ್, ಹೆಜ್ಜೆ ಸದ್ದಿನಂಥದ್ದನ್ನು ಸೇರಿಸುವ ಫೋಲಿ, ಸಂಗೀತ, ಮಿಕ್ಸಿಂಗ್, ಸಬ್‌ಟೈಟಲ್, ಸೆನ್ಸಾರ್. ಸೆನ್ಸಾರ್ ಅರ್ಜಿಯಲ್ಲಿ ಭಾಷೆ ಯಾವುದು ಅಂತ ಬರೆಯಬೇಕು, ನಿಮ್ಮದರಲ್ಲಿ ಮೂರು ಭಾಷೆ ಉಂಟು, ಅದನ್ನು ಈಗಲೇ ಯೋಚಿಸಿ. ಅರ್ಧಕ್ಕೆ ನಿಂತ ಸಿನಿಮಾಗಳು ನನ್ನ ಹಾರ್ಡ್‌ಡಿಸ್ಕಿನಲ್ಲಿ ಎಷ್ಟು ಇವೆ ಗೊತ್ತುಂಟಾ. ಶೂಟಿಂಗ್ ಚೆನ್ನಾಗಿಯೇ ಆಗಿದೆ. ಸೌಂಡ್ ಮಾಡಿಸಲು ಹಣ ಇಲ್ಲ.

ಇನ್ನು ಬಿಡುಗಡೆ. ಇದೇ ದೊಡ್ಡ ಹೊಂಡ. ನೂರು ರೂಪಾಯಿಯ ಟಿಕೆಟ್ ಹೋದರೆ ನೂರೂ ನಿಮಗೆ ಬರುವುದಿಲ್ಲ. ತೆರಿಗೆ ಹೋಗುತ್ತದೆ, ಥಿಯೇಟರ್ ಪಾಲು ಹೋಗುತ್ತದೆ, ವಿತರಕರ ಕಮಿಷನ್ ಹೋಗುತ್ತದೆ, ಡಿಜಿಟಲ್ ಪ್ರೊಜೆಕ್ಷನ್‌ಗೆ ಅಂತ ಸ್ಕ್ರೀನ್ ಲೆಕ್ಕದಲ್ಲಿ ಕೊಡಬೇಕು. ಪೋಸ್ಟರ್, ಟ್ರೇಲರ್, ಜಾಹೀರಾತು ನಿಮ್ಮದೇ ಖರ್ಚು. ಹೆಸರಿಲ್ಲದ ಸಿನಿಮಾಕ್ಕೆ ಬೆಳಗ್ಗಿನ ಒಂದು ಶೋ ಕೊಡುತ್ತಾರೆ, ಎರಡನೇ ಶುಕ್ರವಾರ ಅದೂ ಇರುವುದಿಲ್ಲ. "ಓಟಿಟಿಗೆ ಕೊಟ್ಟುಬಿಡುತ್ತೇನೆ" ಅನ್ನುವವರಿಗೆ ಹೇಳುವುದೇನೆಂದರೆ, ಕೋವಿಡ್ ಸಮಯದಲ್ಲಿ ಕಣ್ಣು ಮುಚ್ಚಿ ಕೊಂಡ ಹಾಗೆ ಈಗ ಕೊಳ್ಳುತ್ತಿಲ್ಲ. ಎಷ್ಟು ನೋಡಿದರೋ ಅಷ್ಟಕ್ಕೆ ಪಾಲು ಅನ್ನುವ ಒಪ್ಪಂದವೇ ಜಾಸ್ತಿ. ಅದರಲ್ಲಿ ಸಾಲದ ಬಡ್ಡಿ ಕಟ್ಟಲು ಆಗುವುದಿಲ್ಲ.

ಸಬ್ಸಿಡಿ ಬಗ್ಗೆ ಯಾರಾದರೂ ಹೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕ ಸರ್ಕಾರದ ಸಹಾಯಧನ ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆಯ್ಕೆ ಮಾಡಿದ ಮೇಲೆ ಬರುವ ಹಣ. ಶೂಟಿಂಗ್‌ಗೆ ಅದು ಇರುವುದಿಲ್ಲ. ಬಂದರೆ ಲಾಭ ಅಂತ ಇಟ್ಟುಕೊಳ್ಳಿ, ಬಜೆಟ್‌ನ ಆದಾಯದ ಸಾಲಿನಲ್ಲಿ ಬರೆಯಬೇಡಿ.

ಜನರಿಂದ ಹಣ ಎತ್ತುವ ವಿಷಯಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ, 2013ರ ‘ಲೂಸಿಯಾ’. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಕೊಟ್ಟರು. ಆದರೆ ಪವನ್ ಕುಮಾರ್ ಅದಕ್ಕೂ ಮೊದಲೇ ಒಂದು ಸಿನಿಮಾ ನಿರ್ದೇಶಿಸಿ ಜನಕ್ಕೆ ಗೊತ್ತಾಗಿದ್ದವರು. ಹಣ ಕೊಟ್ಟವರಿಗೆ ನೋಡಲು ಏನೋ ಒಂದು ಇತ್ತು. ನಿಮ್ಮ ಹತ್ತಿರ ತೋರಿಸಲು ಏನುಂಟು? ಒಂದು ಶಾರ್ಟ್ ಫಿಲಂ ಆದರೂ?

ಕೋರ್ಟ್ ರಸ್ತೆ

ಚೆಕ್ ಬೌನ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ಮಾಹಿತಿ ಸಿಕ್ಕಿದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಚೆಕ್ ಬೌನ್ಸಿನ 138ನೇ ಸೆಕ್ಷನ್‌ನಲ್ಲಿ ಕೋರ್ಟಿಗೆ ದೂರು. ದಿನ ತಪ್ಪಿದರೆ ಕೇಸು ಕಷ್ಟ. "ಮುಂದಿನ ಸಿನಿಮಾಕ್ಕೆ ಕರೆಯುವುದಿಲ್ಲ" ಅನ್ನುವ ಹೆದರಿಕೆಯಲ್ಲಿ ಅಸಿಸ್ಟೆಂಟ್‌ಗಳು ನೋಟಿಸ್ ಕಳಿಸುವುದೇ ಇಲ್ಲ, ಅದು ಅವರಿಗೂ ಗೊತ್ತು. ಇನ್ನೊಂದು, ಸಂಬಳದಲ್ಲಿ ಟಿಡಿಎಸ್ ಅಂತ ತೆರಿಗೆ ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಖಾತೆಯಲ್ಲಿ ಕಾಣುತ್ತದೆ. ಹಿಡಿದು ಕಟ್ಟಿದ್ದಾರಾ ನೋಡಿ. ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಕಲ್ಯಾಣ ಕ್ಯಾಮೆರಾ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮದುವೆಗಳಿಗೆ ವಿಡಿಯೋ ಮಾಡುವವನು ನಾನು. ಸಿನಿಮಾದವರ ಭಾಷೆಯಲ್ಲಿ "ಅಯ್ಯೋ, ಮದುವೆಯವನಾ".

ಈ ಹುಡುಗ ಬರೆದದ್ದರಲ್ಲಿ ಎರಡೇ ದಾರಿ ಇವೆ. ಒಂದೋ ಕೊಚ್ಚಿಯಲ್ಲಿ ಬಾಟಾ, ಇಲ್ಲವೋ ತೋಟ ಅಡವು. ನಡುವೆ ದುಡಿಯುವುದು ಅಂತ ಒಂದು ಉಂಟಲ್ಲ? ನಮ್ಮ ಕಡೆ ಒಂದು ಮದುವೆಗೆ ಈಗ ಎರಡು ಕ್ಯಾಮೆರಾ, ಒಂದು ಡ್ರೋನು, ರೀಲ್ಸ್ ಮಾಡಲು ಬೇರೆ ಒಬ್ಬ. ಮಳೆಗಾಲದ ಆಟಿ ತಿಂಗಳಲ್ಲಿ ಹಿಂದೂ ಮದುವೆ ಇರುವುದಿಲ್ಲ, ಆಗಲೂ ನಿಕಾಹ್ ಇರುತ್ತದೆ, ಗಲ್ಫಿನಿಂದ ರಜೆಯಲ್ಲಿ ಬಂದವರ ಮನೆ ಒಕ್ಕಲು ಇರುತ್ತದೆ. ಅಂಗಡಿ ಉದ್ಘಾಟನೆ, ಬ್ರಹ್ಮಕಲಶ, ನೇಮ, ಶಾಲೆಯ ವಾರ್ಷಿಕೋತ್ಸವ. ಅಡ್ವಾನ್ಸ್ ತೆಗೆದುಕೊಂಡೇ ಹೋಗುವುದು. ನನ್ನ ಕ್ಯಾಮೆರಾದ ಇಎಂಐ ಒಂದು ತಿಂಗಳೂ ತಪ್ಪಿಲ್ಲ.

ಇದರಿಂದ ಕಣ್ಣು ಕೆಡುತ್ತದೆ ಅಂತ ಒಬ್ಬ ನಿರ್ದೇಶಕರು ನನ್ನ ಎದುರೇ ಹೇಳಿದ್ದಾರೆ. ಮುಹೂರ್ತಕ್ಕೆ ರೀಟೇಕ್ ಇಲ್ಲ ಸ್ವಾಮಿ. ತಾಳಿ ಕಟ್ಟುವಾಗ ಪುರೋಹಿತರ ಬೆನ್ನು ಅಡ್ಡ ಬಂದರೆ ಅರ್ಧ ಸೆಕೆಂಡಿನಲ್ಲಿ ಜಾಗ ಹುಡುಕಬೇಕು, ಲೈಟು ಇದ್ದದ್ದರಲ್ಲೇ ಫೋಕಸ್ ಹಿಡಿಯಬೇಕು, ಮದುಮಗಳ ಅಪ್ಪ ಎಲ್ಲಿ ಅಳುತ್ತಾ ನಿಂತಿದ್ದಾರೆ ಅಂತ ಮೊದಲೇ ನೋಡಿ ಇಟ್ಟುಕೊಂಡಿರಬೇಕು. ಕ್ಲಾಪ್ ಹೊಡೆದು ಕಲಿತದ್ದಕ್ಕಿಂತ ಇದು ಕಡಿಮೆ ಅಂತ ನನಗೆ ಅನಿಸಿಲ್ಲ.

ಉಪ್ಪಳದ ಅಕ್ಕ

ನಾನು ಕೆಲವು ವರ್ಷ ಕಾಸ್ಟ್ಯೂಮ್‌ನಲ್ಲಿ ಅಸಿಸ್ಟೆಂಟ್ ಆಗಿದ್ದೆ, ಈಗ ಉಪ್ಪಳದಲ್ಲಿ ಹೊಲಿಗೆ ಅಂಗಡಿ. ಎಲ್ಲರೂ ಬಡ್ಡಿ, ಬಜೆಟ್ ಬಗ್ಗೆ ಬರೆದಿರಿ. ನನಗೆ ಮೊದಲು ಕಾಣಿಸಿದ್ದು ಬೇರೆ.

ತಮ್ಮಾ, ಆ ತೋಟ ಯಾರ ಹೆಸರಿನಲ್ಲಿದೆ? ನಿನಗೆ ಅಕ್ಕ ತಂಗಿ ಇಲ್ಲವಾ? ಇದ್ದರೆ ಅದರಲ್ಲಿ ಅವರ ಪಾಲೂ ಉಂಟಲ್ಲ, ಅವರನ್ನು ಕೇಳಿದ್ದೀಯಾ? ಅಮ್ಮ ಏನು ಹೇಳುತ್ತಾರೆ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರನ್ನು ಹುಡುಕಿ ತರುವುದು, ಅವರಿಗೆ ಚಾ ತಿಂಡಿ ಮಾಡುವುದು, ಅಡಿಕೆ ಸುಲಿಯುವುದು ಇವೆಲ್ಲ ಯಾರು ಮಾಡುತ್ತಿದ್ದಾರೆ? ನೀನು ತ್ಯಾಗ ಮಾಡಿದ್ದೇನೆ ಅಂತ ಬರೆದೆ. ನಿನ್ನ ವಯಸ್ಸು, ನಿನ್ನ ನಿದ್ದೆ, ನಿನ್ನ ಮದುವೆ, ಅದೆಲ್ಲ ನಿನ್ನದು, ಬಿಡಬಹುದು, ಇಟ್ಟುಕೊಳ್ಳಬಹುದು. ತೋಟ ಹಾಗಲ್ಲ.

ಸೆಟ್‌ನಲ್ಲೂ ಇದನ್ನೇ ನೋಡಿದ್ದೇನೆ. "ಇದು ನಮ್ಮೆಲ್ಲರ ಕನಸು" ಅಂತ ಮೊದಲ ದಿನ ತೆಂಗಿನಕಾಯಿ ಒಡೆದು ಹೇಳುತ್ತಾರೆ. ಕನಸಿನ ಹೆಸರಿನಲ್ಲಿ ಸಂಬಳ ಇಲ್ಲದೆ ದುಡಿಯುವುದು ಲೈಟ್ ಬಾಯ್, ಮೇಕಪ್‌ನವರು, ನಾವು. ಪೋಸ್ಟರಿನಲ್ಲಿ ಹೆಸರು ಬರುವುದು ಒಬ್ಬರದ್ದು. ಮಲಯಾಳ ಸಿನಿಮಾದ ಹೆಂಗಸರ ಸ್ಥಿತಿ ನೋಡಿದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಗೆ ಬಂದಾಗ, ಸೆಟ್‌ನಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಾಯಿಸಲು ಜಾಗ ಇಲ್ಲ ಅನ್ನುವುದನ್ನು ಓದಿ ಎಲ್ಲರಿಗೂ ಆಶ್ಚರ್ಯ. ನಮಗೆ ಆಶ್ಚರ್ಯ ಆಗಲಿಲ್ಲ. ನೀರು ಕುಡಿಯದೆ ದಿನ ಕಳೆಯುವುದು ನಮಗೆ ಅಭ್ಯಾಸ ಆಗಿತ್ತು. 45 ಲಕ್ಷದಲ್ಲಿ ಮುಗಿಸುತ್ತೇನೆ ಅನ್ನುವವರ ಬಜೆಟ್‌ನಲ್ಲಿ ಮೊದಲು ಹಾರಿಹೋಗುವುದು ಇಂಥದ್ದೇ. ನೀನು ಹಾಗೆ ಮಾಡುತ್ತೀ ಅಂತ ಹೇಳುತ್ತಿಲ್ಲ. ಲೆಕ್ಕದಲ್ಲಿ ಅದಕ್ಕೊಂದು ಸಾಲು ಇದೆಯಾ ನೋಡು.

ಗಡಿನಾಡ ಪ್ರೇಕ್ಷಕ

ರಿಷಬ್ ಶೆಟ್ಟಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮೇಲೆ 2018ರಲ್ಲಿ ಸಿನಿಮಾ ಮಾಡಿದರು, ಓಡಿತು, ರಾಷ್ಟ್ರ ಪ್ರಶಸ್ತಿಯೂ ಬಂತು. ಅವರೂ ಒಂದು ಕಾಲದಲ್ಲಿ ನೀರಿನ ಕ್ಯಾನ್ ಮಾರಿದವರು. ಧೈರ್ಯ ಮಾಡಿ ಬ್ರೋ!!

ಎಡಿಟ್ ಟೇಬಲ್

ಗಡಿನಾಡ ಪ್ರೇಕ್ಷಕರೇ, ನೀರಿನ ಕ್ಯಾನ್ ಮಾರಿ ನಿರ್ದೇಶಕ ಆದವರ ಸಂದರ್ಶನ ಟಿವಿಯಲ್ಲಿ ಬರುತ್ತದೆ. ನೀರಿನ ಕ್ಯಾನ್ ಮಾರಿ ಈಗಲೂ ನೀರಿನ ಕ್ಯಾನ್ ಮಾರುತ್ತಿರುವವರ ಸಂದರ್ಶನ ಯಾರೂ ಮಾಡುವುದಿಲ್ಲ. ಮತ್ತೆ, ಆ ಸಿನಿಮಾಕ್ಕೆ ಮೊದಲು ಅವರ ‘ಕಿರಿಕ್ ಪಾರ್ಟಿ’ ಗೆದ್ದಿತ್ತು.

ಎಣ್ಮಕಜೆಯವ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೆಲವು ಹೇಳದೆ ಬಿಟ್ಟಿದ್ದೆ, ಹೇಳುತ್ತೇನೆ.

ತೋಟ ಇಡುವ ಮಾತು ತೆಗೆದದ್ದು ನಾನಲ್ಲ, ಅಪ್ಪ. ನಾನು ರಜೆಯಲ್ಲಿ ಬಂದು ಸುಮ್ನೆ ಕೂತದ್ದು ನೋಡಿ ಅವರೇ, "ದಾಖಲೆ ಇಟ್ಟು ತೆಗಿ, ನೋಡುವ" ಅಂದರು. ಅವರಿಗೆ ಸಿನಿಮಾ ಅಂದರೆ ಏನೂ ಗೊತ್ತಿಲ್ಲ. ಬೇಡ ಅಂದರೆ ಅವರಿಗೆ ಬೇಸರ, ಸರಿ ಅಂದರೆ ನನಗೆ ನಿದ್ದೆ ಇಲ್ಲ. ಹಾಗಾಗಿ ಇಲ್ಲಿ ಬಂದು ಕೇಳಿದ್ದು.

ತಂಗಿ ಇದ್ದಾಳೆ ಅಕ್ಕ. ಮಂಗಳೂರಿನಲ್ಲಿ ನರ್ಸ್. ನಿಮ್ಮ ಮಾತು ಓದಿ ನಿನ್ನೆ ಫೋನ್ ಮಾಡಿದೆ. ಅವಳಿಗೆ ಅಪ್ಪ ಹೇಳಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ನನ್ನ ಪಾಲು ಬಿಟ್ಟು ಉಳಿದದ್ದನ್ನು ಏನು ಬೇಕಾದರೂ ಮಾಡಿಕೊಳ್ಳಿ" ಅಂದಳು. ಸಿಟ್ಟಿನಲ್ಲಿ ಅಲ್ಲ, ಸ್ಪಷ್ಟವಾಗಿಯೇ ಹೇಳಿದಳು.

ಶಾರ್ಟ್ ಫಿಲಂ ಇಲ್ಲ. ಬೇರೆಯವರ ಸಿನಿಮಾದಲ್ಲೇ ಸಮಯ ಹೋಯಿತು.

ನೀರ್ಚಾಲು ಮಾಷ್ಟ್ರು

ನಿಮ್ಮ ತಂದೆಯವರು ದೊಡ್ಡ ಮನುಷ್ಯರು. ಆದರೂ ಒಂದು ವಿಷಯ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಮೇಲೆ ನಂಬಿಕೆ ಕಳೆದುಕೊಂಡ ಹಿರಿಯರು ನಮ್ಮಲ್ಲಿ ತುಂಬ ಇದ್ದಾರೆ. "ಹೇಗೂ ಉಳಿಯುವುದಿಲ್ಲ, ಮಗನಿಗಾದರೂ ಉಪಯೋಗ ಆಗಲಿ" ಅನ್ನುವ ಲೆಕ್ಕ ಇರಬಹುದು. ಅಡಿಕೆಗೆ ಇಷ್ಟು ಬೆಲೆ ಇರುವಾಗ ತೋಟವನ್ನು ಹಾಗೆ ಬಿಡುವುದು ಸರಿಯಲ್ಲ. ಹೊಸ ಅಡಿಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು, ಹೋದ ತೋಟ ಬೇಗ ಬರುವುದಿಲ್ಲ. ನೀವಿಬ್ಬರೂ ಕೂತು ಸಿನಿಮಾದ ಮಾತು ಬಿಟ್ಟು ತೋಟದ ಮಾತು ಒಮ್ಮೆ ಆಡಿ.

ಜಾನ್‌ಪ್ರಿಯ

ಸರಿ, ತೋಟ ಬೇಡ ಅನ್ನುವುದಕ್ಕೆ ನಾನೂ ಒಪ್ಪಿದೆ. ಆದರೆ ಎಲ್ಲರೂ ಸೇರಿ ಈ ಹುಡುಗನನ್ನು ಮದುವೆ ವಿಡಿಯೋಕ್ಕೆ ಕಳಿಸಿ ಮನೆಗೆ ಹೋಗುತ್ತಿದ್ದೀರಿ. ಆ ದುಡ್ಡು ಒಮ್ಮೆ ಅಭ್ಯಾಸ ಆದರೆ ಯಾರು ವಾಪಸ್ ಬಂದಿದ್ದಾರೆ? ಕಲ್ಯಾಣ ಕ್ಯಾಮೆರಾದವರೇ, ನೀವು ಎಷ್ಟು ಶಾರ್ಟ್ ಫಿಲಂ ಮಾಡಿದ್ದೀರಿ?

ಕಲ್ಯಾಣ ಕ್ಯಾಮೆರಾ

ಒಂದೂ ಇಲ್ಲ. ನನಗೆ ಮಾಡಬೇಕು ಅಂತಲೂ ಇಲ್ಲ. ಮದುವೆ ಮಾಡುವುದೇ ನನಗೆ ಇಷ್ಟ. ಸಿನಿಮಾ ಮಾಡದವರೆಲ್ಲ ಸೋತವರು ಅಂತ ಯಾರು ಹೇಳಿದ್ದು ನಿಮಗೆ?

ಅವರಿಗೆ ಬೇಕಿದ್ದರೆ ಒಂದು ಹೇಳುತ್ತೇನೆ. ನನ್ನ ಕ್ಯಾಮೆರಾ ಮಂಗಳವಾರ, ಬುಧವಾರ ಸುಮ್ನೆ ಮನೆಯಲ್ಲೇ ಇರುತ್ತದೆ. ಎರಡು ಲೆನ್ಸ್, ಗಿಂಬಲ್, ಸಣ್ಣ ಲೈಟು ಉಂಟು. ಬಾಡಿಗೆ ಬೇಡ. ಬದಲಿಗೆ ಭಾನುವಾರ ಎರಡನೇ ಕ್ಯಾಮೆರಾಕ್ಕೆ ಬರಬೇಕು, ಅದಕ್ಕೆ ದಿನದ ಹಣ ಬೇರೆ ಕೊಡುತ್ತೇನೆ.

ಎಡಿಟ್ ಟೇಬಲ್

ಇದನ್ನು ಬಿಡಬೇಡಿ. ಪೂರ್ತಿ ಸಿನಿಮಾ ಅಲ್ಲ, ಆ ಸ್ಕ್ರಿಪ್ಟಿನಿಂದ ಒಂದು ಭಾಗ ತೆಗೆಯಿರಿ. ಜೀಪು ಗಡಿಗೆ ಬಂದು ಮಣ್ಣಿನ ರಾಶಿ ನೋಡುವ ಸೀನ್ ಇರಲೇಬೇಕು ಅಲ್ವಾ, ಅದರ ಸುತ್ತ ಇಪ್ಪತ್ತು ನಿಮಿಷ. ಕಲಾವಿದರಿಗೆ ಹೊರಗೆ ಹೋಗಬೇಡಿ, ನಮ್ಮ ಕಡೆ ನಾಟಕ, ಆಟ ಮಾಡಿದವರು ಎಷ್ಟು ಬೇಕು. ಸೌಂಡ್‌ಗೆ ಮಾತ್ರ ಹಣ ಕೊಟ್ಟು ಗೊತ್ತಿರುವವರನ್ನೇ ಕರೆಯಿರಿ, ದೃಶ್ಯ ಸ್ವಲ್ಪ ಮಸುಕಾದರೂ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ತಿರುವನಂತಪುರದಲ್ಲಿ ಚಲಚ್ಚಿತ್ರ ಅಕಾಡೆಮಿಯವರ ಡಾಕ್ಯುಮೆಂಟರಿ ಮತ್ತು ಶಾರ್ಟ್ ಫಿಲಂ ಚಿತ್ರೋತ್ಸವ ಇದೆ, ಅಲ್ಲಿಗೆ ಕಳಿಸಿ. ಗೋವಾದಲ್ಲಿ ನಡೆಯುವ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್‌ಗೆ (ಈಗ ವೇವ್ಸ್ ಫಿಲ್ಮ್ ಬಜಾರ್) 2007ರಿಂದ ಹೊರದೇಶದ ಚಿತ್ರೋತ್ಸವದವರು, ನಿರ್ಮಾಪಕರು ಬರುತ್ತಾರೆ, ಅಲ್ಲಿ ಕೈಯಲ್ಲಿ ಇಪ್ಪತ್ತು ನಿಮಿಷದ್ದು ಇದ್ದರೆ "ಹೀರೋ ಯಾರು" ಅಂತ ಮೊದಲಿಗೇ ಕೇಳುವುದಿಲ್ಲ.

ಎಡಿಟಿಂಗ್ ನಾನು ಮಾಡಿಕೊಡುತ್ತೇನೆ. ಫ್ರೀ ಅಲ್ಲ, ಉಪ್ಪಳದ ಅಕ್ಕನ ಬೈಗುಳ ತಿನ್ನಲು ನಾನು ತಯಾರಿಲ್ಲ. ಎಷ್ಟು ಆಗುತ್ತದೋ ಕೊಡಿ, ಬರೆದುಕೊಂಡು ಕೊಡಿ.

ಉಪ್ಪಳದ ಅಕ್ಕ

ಬೈದದ್ದಲ್ಲಪ್ಪ. ಬಟ್ಟೆ ಬೇಕಿದ್ದರೆ ಹೇಳು ತಮ್ಮಾ, ಡಯಾಲಿಸಿಸ್ ಪೇಷಂಟ್‌ಗೆ ಹೊಸ ಬಟ್ಟೆ ಹಾಕಿಸಬೇಡ, ಅದನ್ನು ಎಲ್ಲರೂ ಮಾಡುತ್ತಾರೆ. ತೋಳು ಮೇಲೆತ್ತಲು ಆಗುವ ಸಡಿಲ ನೈಟಿ, ತುಂಬ ಸಲ ಒಗೆದದ್ದು. ತಂಗಿ ನರ್ಸ್ ಅಲ್ವಾ, ಅವಳನ್ನೇ ಕೇಳು, ಸೆಟ್‌ಗೆ ಒಂದು ದಿನ ಕರೆ. ಅವಳು ಬರುತ್ತಾಳಾ ಇಲ್ಲವಾ ಅನ್ನುವುದು ಬೇರೆ ಮಾತು.

ಶಾರ್ಜಾ ಕುಂಬಳೆ

ಇಪ್ಪತ್ತು ನಿಮಿಷದ್ದಕ್ಕೆ ಎಷ್ಟು ಆಗುತ್ತದೆ ಅಂತ ಒಂದು ಕಾಗದದಲ್ಲಿ ಬರೆದು ಹಾಕು. ರೂಮಿನಲ್ಲಿ ಕೇಳಿ ನೋಡುತ್ತೇನೆ. ಸಾಲ ಅಲ್ಲ, ಬಂಡವಾಳವೂ ಅಲ್ಲ, ವಾಪಸ್ ಬೇಡ. ಆದರೆ ಲೆಕ್ಕ ಬೇಕು. ಊಟದ ಬಿಲ್ಲೂ ಬೇಕು.

ಎಣ್ಮಕಜೆಯವ

ಏನು ಹೇಳುವುದು ಗೊತ್ತಾಗುತ್ತಿಲ್ಲ. ಚೆಕ್ಕಿನ ನೋಟಿಸ್‌ಗೆ ಇನ್ನೂ ದಿನ ಇದೆ, ಸೋಮವಾರ ವಕೀಲರನ್ನು ನೋಡುತ್ತೇನೆ. ಅಪ್ಪನ ಹತ್ತಿರ ದಾಖಲೆ ಸದ್ಯ ಬೇಡ ಅಂದೆ, ಅವರಿಗೆ ಸಮಾಧಾನ ಆಯಿತೋ ಬೇಸರ ಆಯಿತೋ ಮುಖ ನೋಡಿ ತಿಳಿಯಲಿಲ್ಲ. ಕೊಚ್ಚಿಯ ಮುಂದಿನ ಸಿನಿಮಾಕ್ಕೆ ಹೋಗುವುದಾ ಬಿಡುವುದಾ ಇನ್ನೂ ತೀರ್ಮಾನ ಮಾಡಿಲ್ಲ. ಬಿಟ್ಟರೆ ಅಸೋಸಿಯೇಟ್ ಡೈರೆಕ್ಟರ್ ಆಗುವ ಚಾನ್ಸ್ ಹೋಗುತ್ತದೆ, ಅದೂ ಒಂದು ತಲೆನೋವು.

ಕಲ್ಯಾಣ ಕ್ಯಾಮೆರಾದವರೇ, ಈ ಭಾನುವಾರ ಎಲ್ಲಿಗೆ ಬರಬೇಕು?

ಕಲ್ಯಾಣ ಕ್ಯಾಮೆರಾ

ಸೀತಾಂಗೋಳಿ. ಬೆಳಗ್ಗೆ ಆರಕ್ಕೆ. ಕಪ್ಪು ಅಂಗಿ ಹಾಕಿ ಬರಬೇಡಿ, ಮದುಮಗಳ ಅಜ್ಜಿಗೆ ಆಗುವುದಿಲ್ಲ.

ಎಡಿಟ್ ಟೇಬಲ್

ಸ್ಕ್ರಿಪ್ಟ್ ಕಳಿಸಿ. ಪಿಡಿಎಫ್ ಮಾಡಿ ಕಳಿಸಿ ದಯವಿಟ್ಟು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ನನ್ನ ಫೋನಿನಲ್ಲಿ ತೆರೆದರೆ ಬರೀ ಚುಕ್ಕಿ ಗೆರೆ ಕಾಣುತ್ತದೆ.